ಚುಕ್ಕಿಗಳ ಲೆಕ್ಕ

ಬೆಳಗಿನ ಜಾವ ನಮ್ಮ ಊರುಗಳ ಬೀದಿಯಲ್ಲಿ ನಡೆದುಹೋಗುವವನ ಕಣ್ಣಿಗೆ ಮನೆಮನೆಯ ಮುಂದೆಯೂ ಒಂದೊಂದು ಲೆಕ್ಕ ಬೀಳುತ್ತದೆ. ಅದು ರಂಗೋಲಿಯ ಲೆಕ್ಕ. ಸಾರಿಸಿದ ಅಂಗಳದಲ್ಲಿ ಮೊದಲು ಚುಕ್ಕಿಗಳು, ಅನಂತರ ಆ ಚುಕ್ಕಿಗಳನ್ನು ಬಳಸಿಕೊಂಡು ಹರಿಯುವ ಗೆರೆಗಳು. ಹಬ್ಬದ ದಿನವಾದರೆ ಸಾಲಿಗೆ ಇಪ್ಪತ್ತೊಂದು ಚುಕ್ಕಿ ಇಟ್ಟು ರಥವನ್ನೇ ಬರೆಯುವುದುಂಟು. ಉಳಿದ ದಿನಗಳಲ್ಲಿ ಸಾಲಿಗೆ ಏಳು ಚುಕ್ಕಿ, ನಡುವೆ ಒಂದು ಹೂವು, ಅಷ್ಟೇ. ಸಾಲಿಗೆ ಏಳರಂತೆ ಏಳು ಸಾಲು ಎಂದರೆ 49 ಚುಕ್ಕಿ. ಇಪ್ಪತ್ತೊಂದರಂತೆ ಇಪ್ಪತ್ತೊಂದು ಸಾಲು ಎಂದರೆ 441. ಉದ್ದ ಅಗಲಗಳು ಮೂರು ಪಟ್ಟಾದರೆ ಕೆಲಸ ಒಂಬತ್ತು ಪಟ್ಟಾಗುತ್ತದೆ. ಒಲೆಯ ಮೇಲೆ ಹಾಲಿಟ್ಟು ಬಂದ ಗೃಹಿಣಿಗೆ ಈ ಗಣಿತ ಯಾರೂ ಹೇಳಿಕೊಡದೆಯೇ ತಿಳಿದಿರುತ್ತದೆ. ಹೊತ್ತಿಲ್ಲದ ದಿನ ಆಕೆ ರಥಕ್ಕೆ ಕೈಹಾಕಿ ಅರ್ಧಕ್ಕೆ ನಿಲ್ಲಿಸುವುದಿಲ್ಲ. ಅಂಗಳವನ್ನು ಬರಿದಾಗಿಯೂ ಬಿಡುವುದಿಲ್ಲ. ಇರುವ ಹೊತ್ತಿಗೆ ತಕ್ಕಷ್ಟು ಚುಕ್ಕಿ ಇಟ್ಟು, ಹಾಲು ಉಕ್ಕುವುದರೊಳಗಾಗಿ ಒಳಕ್ಕೆ ಹೋಗುತ್ತಾಳೆ.

ಗಣಕಯಂತ್ರದ ಪರದೆಯೂ ಇಂಥದೇ ಒಂದು ಅಂಗಳ. ಅದರ ಮೇಲೆ ನಮಗೆ ಕಾಣುವ ಮರ, ಮನೆ, ಮನುಷ್ಯ, ಮೋಡ ಎಲ್ಲವೂ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳಿಂದ ಆದವು. ಅಂಥ ಒಂದೊಂದು ಚುಕ್ಕಿಗೂ ಪಿಕ್ಸೆಲ್ ಎಂದು ಹೆಸರು. ಅಡ್ಡಕ್ಕೆ ಎಷ್ಟು ಚುಕ್ಕಿ, ಮೇಲಿನಿಂದ ಕೆಳಕ್ಕೆ ಎಷ್ಟು ಚುಕ್ಕಿ ಎಂಬ ಅಳತೆಯನ್ನು ರೆಸಲ್ಯೂಷನ್ ಎನ್ನುತ್ತಾರೆ. ಈ ಮಾತನ್ನು ಮೊದಲ ಸಲ ಕೇಳಿದಾಗ, ಸಹಕಾರ ಸಂಘದ ಸಭೆಯಲ್ಲಿ ಗದ್ದಲದ ನಡುವೆ ಅಂಗೀಕಾರವಾಗುವ ಠರಾವು ನನ್ನ ನೆನಪಿಗೆ ಬಂದಿತ್ತು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಹೆಸರು. ನಾವು ಇದನ್ನು ‘ಚುಕ್ಕಿಗಳ ಅಳತೆ’ ಎಂದುಕೊಂಡರೆ ಅರ್ಥಕ್ಕೆ ಕೊರತೆಯಾಗದು. ಇಂದು ಬಹು ಮಂದಿಯ ಮೇಜಿನ ಮೇಲಿರುವ ಪರದೆಯಲ್ಲಿ ಅಡ್ಡಕ್ಕೆ 1920, ಮೇಲಿನಿಂದ ಕೆಳಕ್ಕೆ 1080 ಚುಕ್ಕಿಗಳಿರುತ್ತವೆ. ಗುಣಿಸಿ ನೋಡಿ: 20,73,600. ಒಂದೇ ಒಂದು ಚಿತ್ರಕ್ಕೆ ಇಪ್ಪತ್ತು ಲಕ್ಷಕ್ಕೂ ಮೀರಿದ ಚುಕ್ಕಿಗಳು!

ರಂಗೋಲಿಯನ್ನಾದರೋ ದಿನಕ್ಕೆ ಒಮ್ಮೆ ಇಟ್ಟರೆ ಸಾಕು. ಗಣಕದ ಆಟಕ್ಕೆ ಆ ಬಿಡುವಿಲ್ಲ. ಪರದೆಯ ಮೇಲೆ ಕುದುರೆ ಓಡಬೇಕಾದರೆ, ಒಂದಕ್ಕಿಂತ ಒಂದು ತುಸು ಬೇರೆಯಾದ ಚಿತ್ರಗಳು ಒಂದರ ಹಿಂದೆ ಒಂದು ಬೇಗ ಬೇಗ ಬಂದುಹೋಗಬೇಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಬಂದರೆ ನಮ್ಮ ಕಣ್ಣು ಅದನ್ನು ಚಲನೆ ಎಂದು ಒಪ್ಪಿಕೊಳ್ಳುತ್ತದೆ. ಆದರೆ ಸಿನಿಮಾದ ಚಿತ್ರಗಳು ಮೊದಲೇ ತೆಗೆದು ಇಟ್ಟವು. ಅವನ್ನು ತೋರಿಸುವುದಷ್ಟೇ ಯಂತ್ರದ ಕೆಲಸ. ಆಟದ ಚಿತ್ರಗಳು ಹಾಗಲ್ಲ. ಆಡುವವನು ಎಡಕ್ಕೆ ತಿರುಗುವನೋ ಬಲಕ್ಕೆ ತಿರುಗುವನೋ ಯಾರು ಬಲ್ಲರು? ಅವನು ಗುಂಡಿ ಒತ್ತಿದ ಮೇಲೆಯೇ ಆ ಕ್ಷಣದ ಚಿತ್ರವನ್ನು ಹೊಸದಾಗಿ ಬರೆಯಬೇಕು. ಆಟ ನಯವಾಗಿ ಸಾಗಬೇಕಾದರೆ ಸೆಕೆಂಡಿಗೆ 60 ಚಿತ್ರಗಳಿದ್ದರೆ ಚೆನ್ನು. 30 ಇದ್ದರೂ ನಡೆದೀತು. ಅದಕ್ಕಿಂತ ಬಹಳ ಕೆಳಗಿಳಿದರೆ ಕುದುರೆ ಓಡುವುದಿಲ್ಲ, ಕುಪ್ಪಳಿಸುತ್ತದೆ. ಸೆಕೆಂಡಿಗೆ 60 ಎಂದರೆ ಒಂದು ಚಿತ್ರಕ್ಕೆ ದೊರೆಯುವ ಕಾಲ ಸೆಕೆಂಡಿನ ಅರವತ್ತನೆಯ ಒಂದು ಭಾಗ. ಅಷ್ಟರಲ್ಲಿ ಇಪ್ಪತ್ತು ಲಕ್ಷ ಚುಕ್ಕಿಗಳಿಗೂ ಬಣ್ಣ ಗೊತ್ತುಪಡಿಸಬೇಕು. ಒಂದು ಸೆಕೆಂಡಿನ ಒಟ್ಟು ಲೆಕ್ಕ 12 ಕೋಟಿ 44 ಲಕ್ಷ ದಾಟುತ್ತದೆ.

ಕನ್ನಡದ ಮೇಷ್ಟರಿಗೆ ಈ ಲೆಕ್ಕಗಳೆಲ್ಲ ಏಕೆ ಎಂದು ನೀವು ಕೇಳಬಹುದು. ನಾನು ಕೆಲಸ ಮಾಡುತ್ತಿದ್ದ ಶಾಲೆಗೆ ಗಣಕಗಳು ಬಂದಾಗ, ಕೋಣೆಯ ಬೀಗದ ಕೈಯನ್ನು ಯಾರಿಗೆ ಒಪ್ಪಿಸಬೇಕೆಂಬ ಪ್ರಶ್ನೆ ಎದ್ದಿತು. ಗಣಿತದವರಿಗೆ ಪಾಠ ಮುಗಿಯದು, ವಿಜ್ಞಾನದವರಿಗೆ ಪ್ರಯೋಗಶಾಲೆಯೇ ಸಾಕಾಗಿತ್ತು. ಬೀಗದ ಕೈ ನನ್ನ ಪಾಲಿಗೆ ಬಂತು. ಕೀಲಿ ಕೈಯಲ್ಲಿದ್ದ ಮೇಲೆ ಒಳಗೇನಿದೆ ಎಂದು ನೋಡದಿರಲಾದೀತೆ? ಹಳೆಗನ್ನಡ ಕಾವ್ಯವನ್ನು ಪದ ಬಿಡಿಸಿ ಅನ್ವಯಿಸಿಕೊಂಡು ಓದುವಂತೆಯೇ, ನಾನು ಆ ಯಂತ್ರಗಳನ್ನೂ ಬಿಡಿಸಿ ಬಿಡಿಸಿ ಓದಿದೆ. ಹೊಸ ಯಂತ್ರಗಳು ಹಳೆಯವಾದವು. ಹಳೆಯವಕ್ಕೆ ಬದಲು ಹೊಸವು ಬರಲಿಲ್ಲ. ಇದ್ದವುಗಳಿಂದಲೇ ಕೆಲಸ ತೆಗೆಯುವುದು ಅನಿವಾರ್ಯವಾಯಿತು. ಅನಿವಾರ್ಯತೆಯಂಥ ಗುರು ಇನ್ನೊಬ್ಬನಿಲ್ಲ.

ನಿವೃತ್ತನಾದ ಮೇಲೂ ಈ ವಿದ್ಯೆ ಒಮ್ಮೆ ಉಪಯೋಗಕ್ಕೆ ಬಂತು. ನಮ್ಮ ಮನೆಯ ಎದುರಿಗೆ ಒಬ್ಬ ದರ್ಜಿಯ ಸಂಸಾರವಿದೆ. ಅವರ ಮಗಳು ಆ ವರ್ಷ ಹತ್ತನೆಯ ತರಗತಿ ಮುಗಿಸಿ ಕಾಲೇಜು ಸೇರುವುದರಲ್ಲಿದ್ದಳು. ಮಗ ನಿಮ್ಮಂತೆಯೇ ಒಂಬತ್ತನೆಯ ತರಗತಿಯವನು. ಯಾವುದೋ ಕಚೇರಿ ವಿಲೇವಾರಿ ಮಾಡಿದ್ದ ಗಣಕವೊಂದನ್ನು ತಂದೆ ಮಕ್ಕಳಿಗಾಗಿ ಅಗ್ಗದ ಬೆಲೆಗೆ ತಂದಿದ್ದರು. ಮಗಳು ಅದರಲ್ಲಿ ಪಾಠಗಳನ್ನು ನೋಡುವಳು. ಪಾಠ ಮುಗಿದ ಮೇಲೆ ಮಗ ಆಡುವನು. ಒಂದು ಸಂಜೆ ದರ್ಜಿ ನನ್ನಲ್ಲಿಗೆ ಬಂದು ಜಗಲಿಯ ಅಂಚಿನಲ್ಲಿ ಕುಳಿತರು.

“ಮೇಷ್ಟ್ರೇ, ಸಿನಿಮಾ ಹಾಕಿದರೆ ಚೆನ್ನಾಗಿ ಬರುತ್ತೆ. ಆಟ ಮಾತ್ರ ಕುಂಟುತ್ತೆ. ಗೆಳೆಯರು ಮನೆಗೆ ಬಂದವರು ನಕ್ಕರಂತೆ. ಎರಡು ದಿನದಿಂದ ಹುಡುಗ ಸರಿಯಾಗಿ ಊಟ ಮಾಡಿಲ್ಲ. ಹೊಸದಕ್ಕೆ ಎಷ್ಟಾದೀತು?” ಎಂದು ಕೇಳಿದರು.

ನಾನು ಅಂದಾಜು ಬೆಲೆಯನ್ನು ಹೇಳಿದೆ. ಅವರು ಏನೂ ಮಾತನಾಡಲಿಲ್ಲ. ಎದುರುಮನೆಯ ಬಾಗಿಲಲ್ಲಿ ನಿಂತು ನಮ್ಮ ಮಾತನ್ನು ಕೇಳುತ್ತಿದ್ದ ಮಗಳು ಸದ್ದಿಲ್ಲದೆ ಒಳಕ್ಕೆ ಹೋದಳು. ಮನೆಯಲ್ಲಿ ಕೂಡಿಟ್ಟ ಹಣ ಯಾವುದಕ್ಕೆಂಬುದು ಆಕೆಗೆ ಗೊತ್ತಿತ್ತು; ನನಗೂ ಗೊತ್ತಿತ್ತು. “ಕೊಳ್ಳುವ ಮಾತು ಆಮೇಲೆ ಆಡೋಣ. ಮೊದಲು ಒಮ್ಮೆ ನೋಡಿಬಿಡುತ್ತೇನೆ” ಎಂದು ಹೇಳಿ ಎದ್ದೆ.

ಯಂತ್ರಕ್ಕೆ ವಯಸ್ಸಾಗಿತ್ತು, ನಿಜ. ಆದರೆ ಕಾಯಿಲೆಯೇನೂ ಇರಲಿಲ್ಲ. ಗಣಕದಲ್ಲಿ ಚಿತ್ರ ಬರೆಯುವ ಕೆಲಸಕ್ಕೆಂದೇ ಗ್ರಾಫಿಕ್ಸ್ ಪ್ರೊಸೆಸರ್ ಎಂಬ ಭಾಗವಿರುತ್ತದೆ. ಆಟಕ್ಕೆಂದು ಮಾಡಿದ ದುಬಾರಿ ಯಂತ್ರಗಳಲ್ಲಿ ಬಹುಮಟ್ಟಿಗೆ ಅದು ಪ್ರತ್ಯೇಕ ಕಾರ್ಡಿನಲ್ಲಿದ್ದು, ಅದಕ್ಕೆ ತನ್ನದೇ ಆದ ನೆನಪಿನ ಕೋಶವಿರುತ್ತದೆ. ಕಚೇರಿಯ ಯಂತ್ರಗಳಲ್ಲಿ ಅದು ಮುಖ್ಯ ಪ್ರೊಸೆಸರಿನ ಮಗ್ಗುಲಲ್ಲೇ ಸೇರಿಕೊಂಡು, ಅದೇ ಮೆಮೊರಿಯನ್ನು ಹಂಚಿಕೊಳ್ಳುತ್ತದೆ. ಒಂದೇ ಬಾವಿಗೆ ಎರಡು ಮನೆಯವರು ಬಿಂದಿಗೆ ಇಳಿಸಿದಂತೆ. ಪತ್ರ ಬರೆಯಲು, ಲೆಕ್ಕ ಇಡಲು, ಸಿನಿಮಾ ನೋಡಲು ಆ ನೀರು ಧಾರಾಳವಾಗಿ ಸಾಕು. ಸೆಕೆಂಡಿಗೆ ಕೋಟಿಗಟ್ಟಲೆ ಚುಕ್ಕಿಗಳನ್ನು ಬರೆಯಬೇಕಾದ ಆಟಕ್ಕೆ ಸಾಲದು.

ಆ ಆಟದಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆ ಎಂದು ತೋರಿಸುವ ಅನುಕೂಲವಿತ್ತು. ನೋಡಿದರೆ 18. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಟದೊಳಗಿನ ಸೆಟ್ಟಿಂಗ್ಸ್ ತೆರೆಸಿದೆ. ಡಿಸ್‌ಪ್ಲೇ ಎಂಬಲ್ಲಿ 1920 ಮತ್ತು 1080 ಎಂದಿತ್ತು. ಅದನ್ನು 1280 ಮತ್ತು 720ಕ್ಕೆ ಇಳಿಸುವಂತೆ ಹೇಳಿ, “ಏನಪ್ಪಾ, ಈಗ ಒಟ್ಟು ಚುಕ್ಕಿ ಎಷ್ಟಾಯಿತು?” ಎಂದು ಕೇಳಿದೆ. ಅವನು ಮುಖ ಗಂಟಿಕ್ಕಿಕೊಂಡೇ ಕಾಗದದ ಮೇಲೆ ಗುಣಿಸಿದ. 9,21,600. ಮೊದಲಿದ್ದುದರ ಅರ್ಧಕ್ಕಿಂತಲೂ ಕಡಿಮೆ. ಆಟವನ್ನು ಮತ್ತೆ ತೆರೆದಾಗ ಮೂಲೆಯಲ್ಲಿದ್ದ ಅಂಕಿ 32ಕ್ಕೆ ಏರಿತ್ತು. ಹುಡುಗ ಏನೂ ಹೇಳಲಿಲ್ಲ. ಗಂಟಿಕ್ಕಿದ್ದ ಹುಬ್ಬು ಸಡಿಲವಾಯಿತು. ತುಸು ಹೊತ್ತಿನ ಮೇಲೆ, “ಚುಕ್ಕಿ ಅರ್ಧಕ್ಕಿಂತ ಕಡಿಮೆ ಆಯ್ತಲ್ಲ ಸಾರ್, ಹಾಗಿದ್ದರೆ ವೇಗ ಎರಡು ಪಟ್ಟಿಗಿಂತ ಹೆಚ್ಚು ಆಗಬೇಕಿತ್ತಲ್ಲವಾ?” ಎಂದು ಕೇಳಿದ. ಮೇಷ್ಟರ ಕಿವಿಗೆ ಇಂಥ ಪ್ರಶ್ನೆಗಿಂತ ಇಂಪಾದುದು ಇನ್ನೊಂದಿಲ್ಲ. ಚುಕ್ಕಿಗೆ ಬಣ್ಣ ಕೊಡುವುದು ಯಂತ್ರದ ಒಂದು ಕೆಲಸ ಮಾತ್ರ. ಯಾರು ಎಲ್ಲಿದ್ದಾರೆ, ಗೋಡೆ ಎಲ್ಲಿದೆ, ಕುದುರೆಯ ಕಾಲು ಎಲ್ಲಿ ಊರಿತು ಎಂಬ ಲೆಕ್ಕಗಳು ಚುಕ್ಕಿ ಕಡಿಮೆಯಾದರೂ ಕಡಿಮೆಯಾಗುವುದಿಲ್ಲ ಎಂದು ತಿಳಿಸಿದೆ.

ಹಿಂದೆ ನಿಂತು ನೋಡುತ್ತಿದ್ದ ದರ್ಜಿಗೆ ನನ್ನ ವಿವರಣೆ ಬೇಕಾಗಲಿಲ್ಲ. “ದಪ್ಪ ಬಟ್ಟೆ ಬಂದರೆ ಹೊಲಿಗೆ ದೊಡ್ಡದು ಮಾಡಿಕೊಳ್ಳೋ ಹಾಗೆ” ಎಂದರು. ಅಂಗುಲಕ್ಕೆ ಎಷ್ಟು ಹೊಲಿಗೆ ಎಂಬುದನ್ನು ಬಟ್ಟೆ ನೋಡಿ ಗೊತ್ತುಮಾಡುವವರು ಅವರು. ಅವರ ಹೊಲಿಗೆಯ ಯಂತ್ರ ಅವರ ತಂದೆಯ ಕಾಲದ್ದು.

ಆದರೆ ಜಗತ್ತಿನಲ್ಲಿ ಬೆಲೆ ಕೊಡದೆ ಬರುವುದು ಯಾವುದು? ಚುಕ್ಕಿ ಕಡಿಮೆ ಮಾಡಿದರೆ ಚಿತ್ರದ ನಯ ಕಡಿಮೆಯಾಗುತ್ತದೆ. ದೂರದ ಮರದ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಹಸುರು ಮುದ್ದೆಯಾಗುತ್ತವೆ. ಓರೆಯಾದ ಗೆರೆಗಳು ಮೆಟ್ಟಿಲಿನಂತೆ ಕಾಣುತ್ತವೆ. ಇಂದಿನ ತೆಳ್ಳನೆಯ ಪರದೆಗಳಲ್ಲಿ ಇನ್ನೊಂದು ತೊಡಕೂ ಉಂಟು. ಅವುಗಳ ಚುಕ್ಕಿಗಳು ಕಾರ್ಖಾನೆಯಲ್ಲಿಯೇ ಗೊತ್ತಾಗಿ ಕುಳಿತವು. ನಾವು ಚಿಕ್ಕ ಅಳತೆಯನ್ನು ಆರಿಸಿದರೂ ಅವು ಕಡಿಮೆಯಾಗುವುದಿಲ್ಲ. ಚಿಕ್ಕ ಚಿತ್ರವನ್ನು ಹಿಗ್ಗಿಸಿ ದೊಡ್ಡ ಪರದೆಗೆ ಹೊದಿಸಬೇಕಾಗುತ್ತದೆ. 1280 ಚುಕ್ಕಿಗಳನ್ನು 1920 ಚುಕ್ಕಿಗಳ ಮೇಲೆ ಹರಡಿದರೆ ಒಂದಕ್ಕೆ ಒಂದೂವರೆಯಂತೆ ಬರುತ್ತದೆ. ಅರ್ಧ ಚುಕ್ಕಿ ಎಂಬುದು ಪರದೆಯಲ್ಲಿಲ್ಲ. ಆದ್ದರಿಂದ ಅಕ್ಕಪಕ್ಕದ ಬಣ್ಣಗಳನ್ನು ಬೆರೆಸಿ ಹೊಂದಿಸಲಾಗುತ್ತದೆ. ಚಿತ್ರ ಮಸುಕಾಗುವುದು ಅದರಿಂದ. 960 ಮತ್ತು 540 ಎಂಬ ಅಳತೆಯಾದರೆ ಒಂದು ಚುಕ್ಕಿಗೆ ಸರಿಯಾಗಿ ನಾಲ್ಕು ಚುಕ್ಕಿಗಳ ಒಂದು ಚೌಕ ದೊರೆಯುತ್ತದೆ. ಲೆಕ್ಕ ಶೇಷವಿಲ್ಲದೆ ಭಾಗವಾಗುತ್ತದೆ. ಆದರೆ ಚಿತ್ರ ಒರಟಾಗುತ್ತದೆ.

ಅಳತೆ ಆರಿಸುವಾಗ ಆಕಾರದ ಕಡೆಗೂ ಗಮನವಿರಬೇಕು. ಹಳೆಯ ಪರದೆಗಳು ಅಗಲ ನಾಲ್ಕಾದರೆ ಎತ್ತರ ಮೂರು ಎಂಬ ಪ್ರಮಾಣದವು. 1024 ಮತ್ತು 768 ಎಂಬ ಅಳತೆ ಆ ವಂಶಕ್ಕೆ ಸೇರಿದ್ದು. ಈಗಿನ 1920 ಮತ್ತು 1080ರ ಪ್ರಮಾಣ ಹದಿನಾರಕ್ಕೆ ಒಂಬತ್ತು. ಒಂದು ವಂಶದ ಚಿತ್ರವನ್ನು ಇನ್ನೊಂದು ವಂಶದ ಪರದೆಯ ತುಂಬ ಎಳೆದು ಹರಡಿದರೆ ಗಾಡಿಯ ಚಕ್ರ ಅಡ್ಡಕ್ಕೆ ಉಬ್ಬಿ ಮೊಟ್ಟೆಯಾಗುತ್ತದೆ. ತೆಳ್ಳಗಿದ್ದ ವೀರನೂ ಮದುವೆಯ ಊಟ ಮುಗಿಸಿ ಬಂದವನಂತೆ ಕಾಣುತ್ತಾನೆ. 1600 ಮತ್ತು 900, 1280 ಮತ್ತು 720, 960 ಮತ್ತು 540, ಇವೆಲ್ಲ ಒಂದೇ ವಂಶದವು. ಇವುಗಳಲ್ಲಿ ಮೇಲಿನಿಂದ ಒಂದೊಂದೇ ಮೆಟ್ಟಿಲು ಇಳಿದು, ಆಟ ನಯವಾದ ಕಡೆ ನಿಲ್ಲುವುದು ವಿವೇಕ. ಒಂದೇ ಸಲಕ್ಕೆ ಪಾತಾಳಕ್ಕೆ ಇಳಿಯಬೇಕಾಗಿಲ್ಲ.

ಈ ಮದ್ದು ಎಲ್ಲ ರೋಗಕ್ಕೂ ಅಲ್ಲ ಎಂಬುದನ್ನೂ ಹೇಳಬೇಕು. ಚುಕ್ಕಿಗಳನ್ನು ಎಷ್ಟು ಇಳಿಸಿದರೂ ವೇಗ ಏರದಿರುವುದುಂಟು. ಹಾಗಾದರೆ ಹೊರೆ ಚಿತ್ರ ಬರೆಯುವ ಭಾಗದ ಮೇಲಿಲ್ಲ, ಬೇರೆಲ್ಲಿಯೋ ಇದೆ ಎಂದು ತಿಳಿಯಬೇಕು. ನೂರಾರು ಸೈನಿಕರು ಒಮ್ಮೆಗೇ ನಡೆದಾಡುವ ಆಟದಲ್ಲಿ ಒಬ್ಬೊಬ್ಬನ ನಡೆಯನ್ನೂ ಲೆಕ್ಕಹಾಕುವುದು ಮುಖ್ಯ ಪ್ರೊಸೆಸರಿನ ಪಾಲಿಗೆ ಬರುತ್ತದೆ. ಅಲ್ಲಿ ಸೈನಿಕರ ಸಂಖ್ಯೆ ಇಳಿಸಿದರೆ ಪ್ರಯೋಜನ, ಚುಕ್ಕಿ ಇಳಿಸಿದರೆ ಅಲ್ಲ. ಮೆಮೊರಿ ಸಾಲದಿದ್ದರೆ ಹಿನ್ನೆಲೆಯಲ್ಲಿ ತೆರೆದಿಟ್ಟ ಬೇರೆ ಕೆಲಸಗಳನ್ನು ಮುಚ್ಚಬೇಕು. ನಮ್ಮ ಶಾಲೆಯ ಒಂದು ಯಂತ್ರ ಬೆಳಿಗ್ಗೆ ಚೆನ್ನಾಗಿದ್ದು ಹತ್ತು ನಿಮಿಷದ ಮೇಲೆ ಮಂಕಾಗುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ಫ್ಯಾನಿಗೆ ಸೀಮೆಸುಣ್ಣದ ಧೂಳು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಕಾವು ಹೆಚ್ಚಾದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಒಂದು ಮೃದುವಾದ ಕುಂಚ. ಹೀಗೆ ಚುಕ್ಕಿಗಳ ಅಳತೆಯನ್ನು ಇಳಿಸಿ ನೋಡುವುದು ಚಿಕಿತ್ಸೆಯೂ ಹೌದು, ನಾಡಿ ಹಿಡಿದು ನೋಡುವ ಪರೀಕ್ಷೆಯೂ ಹೌದು.

ಇದು ಇಂದು ನೆನ್ನೆ ಹುಟ್ಟಿದ ಉಪಾಯವಲ್ಲ. ಐಬಿಎಂ ಸಂಸ್ಥೆ 1987ರಲ್ಲಿ ಹೊರತಂದ ವಿಜಿಎ ಎಂಬ ವ್ಯವಸ್ಥೆಯಲ್ಲಿಯೇ ಈ ಕೊಡುಕೊಳೆ ಎದ್ದು ಕಾಣುತ್ತದೆ. ಅದರಲ್ಲಿ 640 ಮತ್ತು 480ರ ಅಳತೆಯನ್ನು ಆರಿಸಿದರೆ ದೊರೆಯುತ್ತಿದ್ದುದು 16 ಬಣ್ಣ; 320 ಮತ್ತು 200ಕ್ಕೆ ಇಳಿದರೆ 256 ಬಣ್ಣ. ಚುಕ್ಕಿ ಬೇಕೋ, ಬಣ್ಣ ಬೇಕೋ, ಆರಿಸಿಕೊಳ್ಳಬೇಕಾಗಿತ್ತು. ಅಮೆರಿಕದ ಟೆಕ್ಸಾಸಿನ ಐಡಿ ಸಾಫ್ಟ್‌ವೇರ್ ಸಂಸ್ಥೆಯವರು 1993ರ ಡಿಸೆಂಬರಿನಲ್ಲಿ ‘ಡೂಮ್’ ಎಂಬ ಆಟವನ್ನು ಹೊರತಂದಾಗ ಆ ಎರಡನೆಯ ಅಳತೆಯನ್ನೇ ಆರಿಸಿಕೊಂಡರು. ಒಂದು ಚಿತ್ರಕ್ಕೆ 64,000 ಚುಕ್ಕಿ. ಇಂದಿನ ಪರದೆಯ ಮೂವತ್ತೆರಡರಲ್ಲಿ ಒಂದು ಪಾಲಿನಷ್ಟು. ಅಷ್ಟೂ ಭಾರವೆನಿಸುವ ಯಂತ್ರಗಳು ಆಗ ಬೇಕಾದಷ್ಟಿದ್ದವು. ಅದರ ಮುಖ್ಯ ಕ್ರಮವಿಧಿಕಾರ ಜಾನ್ ಕಾರ್ಮ್ಯಾಕ್ ಮತ್ತು ಅವರ ಸಂಗಡಿಗರು ಅಂಥವರನ್ನು ಹೊರಗಿಡಲಿಲ್ಲ. ಆಡುವವನು ಬೇಕೆಂದರೆ ದೃಶ್ಯದ ಕಿಟಕಿಯನ್ನು ಚಿಕ್ಕದು ಮಾಡಿಕೊಂಡು ಸುತ್ತ ಚೌಕಟ್ಟು ಹಾಕಿಕೊಳ್ಳಬಹುದಾಗಿತ್ತು. ಇಲ್ಲವೇ ಎರಡು ಚುಕ್ಕಿಯ ಅಗಲಕ್ಕೆ ಒಂದೇ ಬಣ್ಣ ಬಳಿಯುವ ಒರಟು ಚಿತ್ರವನ್ನು ಆರಿಸಿಕೊಳ್ಳಬಹುದಾಗಿತ್ತು. ಅಂಗೈಯಷ್ಟು ಕಿಟಕಿಯಲ್ಲಿ ನೋಡಿದವರೂ ಅದೇ ಆಟವನ್ನೇ ಆಡಿದರು.

ಮುಂದಿನ ಕತೆ ಇನ್ನೂ ಸ್ವಾರಸ್ಯವಾದುದು. ಪರದೆಗಳು ದೊಡ್ಡವಾಗುತ್ತ ಹೋಗಿ, ಅಡ್ಡಕ್ಕೆ 3840, ಮೇಲಿನಿಂದ ಕೆಳಕ್ಕೆ 2160 ಚುಕ್ಕಿಗಳಿರುವವು ಬಂದವು. ಒಟ್ಟು 82,94,400. ಈ ಹೊರೆಯನ್ನು ಹೊರಲು ಲಕ್ಷ ಬೆಲೆಯ ಯಂತ್ರಗಳೂ ಏದುಸಿರು ಬಿಟ್ಟವು. ಆಗ ಎನ್ವಿಡಿಯಾ ಸಂಸ್ಥೆ 2018ರಲ್ಲಿ ಡಿಎಲ್‌ಎಸ್‌ಎಸ್ ಎಂಬ ವಿಧಾನವನ್ನೂ, ಎಎಂಡಿ ಸಂಸ್ಥೆ 2021ರಲ್ಲಿ ಎಫ್‌ಎಸ್‌ಆರ್ ಎಂಬ ವಿಧಾನವನ್ನೂ ತಂದವು. ಇವುಗಳ ಒಳಗಿನ ಜಾಣತನ ಬಹಳ. ಆದರೆ ಮೂಲದ ತತ್ತ್ವ ಒಂದೇ. ಚಿತ್ರವನ್ನು ಕಡಿಮೆ ಚುಕ್ಕಿಗಳಲ್ಲಿ ಬರೆದು, ಅನಂತರ ಉಪಾಯದಿಂದ ಹಿಗ್ಗಿಸಿ ಪರದೆ ತುಂಬಿಸುವುದು! ಎಎಂಡಿಯವರ ಮೊದಲ ವಿಧಾನವಂತೂ ಕೆಲವು ವರ್ಷ ಹಳೆಯದಾದ ಕಾರ್ಡುಗಳಲ್ಲಿಯೂ ನಡೆಯುತ್ತಿತ್ತು. ಹಳೆಯ ಯಂತ್ರದ ಮುಂದೆ ಕುಳಿತವನು ಬೇರೆ ದಾರಿಯಿಲ್ಲದೆ ಮಾಡಿಕೊಂಡದ್ದನ್ನು, ಸಿರಿವಂತರ ಯಂತ್ರಗಳು ಹೆಸರಿಟ್ಟು ಕಲಿತುಕೊಂಡವು. ಬಡವನ ಮನೆಯ ರಾಗಿ ಸಿರಿವಂತರ ಔತಣಕ್ಕೆ ಏರಿದಂತಾಯಿತು.

ಹಾಗೆಂದು ಎಲ್ಲೆಲ್ಲಿಯೂ ಚುಕ್ಕಿ ಇಳಿಸಿಬಿಡಿ ಎಂದು ನಾನು ಹೇಳುತ್ತಿಲ್ಲ. ಅಂದು ಆ ಹುಡುಗನಿಗೆ ಒಂದು ಮಾತನ್ನು ಒತ್ತಿ ಹೇಳಿದೆ: “ಅಳತೆ ಇಳಿಸುವುದಾದರೆ ಆಟದೊಳಗೆ ಮಾತ್ರ ಇಳಿಸು. ಗಣಕದ ಮುಖ್ಯ ಪರದೆಯ ಅಳತೆಯನ್ನು ಮುಟ್ಟಬೇಡ. ನಿಮ್ಮ ಅಕ್ಕ ಅದರಲ್ಲಿ ಓದಬೇಕು.” ಓಡುವ ಕುದುರೆಯ ಕೂದಲು ಎಣಿಸುವಷ್ಟು ಸ್ಪಷ್ಟವಾಗಿರಬೇಕಾಗಿಲ್ಲ, ಅದು ಓಡಿದರೆ ಸಾಕು. ಓದುವ ಅಕ್ಷರ ಓಡಬೇಕಾಗಿಲ್ಲ, ಅದು ಸ್ಪಷ್ಟವಾಗಿರಬೇಕು. ಅದರಲ್ಲಿಯೂ ನಮ್ಮ ಕನ್ನಡದ ಅಕ್ಷರಗಳಲ್ಲಿ ಒಂದು ಒತ್ತು ಮಸುಕಾದರೆ, ಒಂದು ಕೊಂಬು ಅಳಿಸಿದರೆ, ಪದವೇ ಬೇರೆಯಾಗಿಬಿಡುತ್ತದೆ. ಎಲ್ಲಿ ನಯವನ್ನು ಬಿಟ್ಟು ಚಲನೆಯನ್ನು ಉಳಿಸಿಕೊಳ್ಳಬೇಕು, ಎಲ್ಲಿ ಚಲನೆಯನ್ನು ಬಿಟ್ಟು ನಯವನ್ನು ಉಳಿಸಿಕೊಳ್ಳಬೇಕು ಎಂಬುದು ಕೆಲಸವನ್ನು ನೋಡಿ ತೀರ್ಮಾನಿಸಬೇಕಾದ ವಿಷಯ.

ಎತ್ತಿಗೆ ವಯಸ್ಸಾಯಿತೆಂದು ರೈತ ಅದನ್ನು ಒಮ್ಮೆಗೇ ಗಾಡಿಯಿಂದ ಬಿಚ್ಚುವುದಿಲ್ಲ. ಏರಿನಲ್ಲಿ ನಿಂತಾಗ ಎರಡು ಮೂಟೆ ಇಳಿಸಿ ನೋಡುತ್ತಾನೆ. ಮತ್ತೂ ಹೆಜ್ಜೆ ಇಡದಿದ್ದರೆ ಗಾಲಿ ಕೆಸರಿನಲ್ಲಿ ಹೂತಿದೆಯೇ, ಕಾಲಿಗೆ ಮುಳ್ಳು ಚುಚ್ಚಿದೆಯೇ ಎಂದು ಬಗ್ಗಿ ನೋಡುತ್ತಾನೆ. ಕೊನೆಗೆ ನಿಜವಾಗಿಯೂ ಆಗದೆಂದಾದರೆ ಅದಕ್ಕೆ ವಿಶ್ರಾಂತಿ ಕೊಡುತ್ತಾನೆ. ಹಳೆಯ ಯಂತ್ರಗಳಿಗೂ ಆ ದಿನ ಬಂದೇ ಬರುತ್ತದೆ. ಕೆಲವು ಹೊಸ ಆಟಗಳು ಅವುಗಳಲ್ಲಿ ತೆರೆಯುವುದೇ ಇಲ್ಲ. ಆದರೆ ಮೂಟೆ ಇಳಿಸಿ ನೋಡದೆ, ಬಗ್ಗಿ ನೋಡದೆ ‘ಇದು ಕೆಲಸಕ್ಕೆ ಬಾರದು’ ಎಂದು ತೀರ್ಪು ಕೊಡುವುದು ಯಂತ್ರದ ವಿಷಯದಲ್ಲಿಯೂ ನ್ಯಾಯವಲ್ಲ. ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ಈ ಮಾತು ಬರೆಯುವಾಗ ಹಿಂದಿನ ಬೆಂಚಿನಲ್ಲಿ ಕುಳಿತ ಕೆಲವು ಮುಖಗಳೂ ನೆನಪಾಗುತ್ತವೆ. ನಿಮ್ಮ ಮನೆಯಲ್ಲಿಯೋ ಶಾಲೆಯಲ್ಲಿಯೋ ಮೂಲೆ ಸೇರಿದ ಗಣಕವೊಂದಿದ್ದರೆ, ಅದರ ಚುಕ್ಕಿಗಳನ್ನು ಒಮ್ಮೆ ಗುಣಿಸಿ ನೋಡಿ. ನಾವು ಅದರಿಂದ ಎಷ್ಟು ಕೇಳುತ್ತಿದ್ದೇವೆ ಎಂಬುದು ಮೊದಲು ನಮಗೆ ತಿಳಿದಿರಬೇಕು.